ಗೂಳಪ್ಪನ ಕೆಳಗಿನ ಕೈಗಳು

ರಕ್ಕಸರು ಬರೀ ಚಿತ್ರದಲ್ಲಿ ಇದ್ದಷ್ಟು ದಿನ ಅವರ ಮೈಕಟ್ಟಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಂಪ್ಯೂಟರ್ ಆಟಗಳಲ್ಲಿ ಆನೆಯಷ್ಟು ದೊಡ್ಡ ಜೇಡ ಓಡಾಡುತ್ತಿತ್ತು. ಅದು ಉಸಿರಾಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾಲ್ಕು ಕಾಲುಗಳ ಜೊತೆಗೆ ಎರಡು ರೆಕ್ಕೆಯನ್ನೂ ಹೊತ್ತ ಬೆಂಕಿಹಾವು ಹಾರುತ್ತಿತ್ತು. ಆ ರೆಕ್ಕೆ ಬಡಿಯುವ ಸ್ನಾಯು ಯಾವ ಎಲುಬಿಗೆ ಅಂಟಿದೆ ಎಂದು ಕೇಳುವವನನ್ನು ಜೊತೆಯವರು ಆಟಕ್ಕೇ ಸೇರಿಸಿಕೊಳ್ಳುತ್ತಿರಲಿಲ್ಲ. ಆಡುವವನು ಕುರ್ಚಿಯಲ್ಲಿ, ರಕ್ಕಸ ಪರದೆಯಲ್ಲಿ. ಇಬ್ಬರೂ ಸುಖವಾಗಿದ್ದರು.

'ಒಳಮೈ' ಬಂದ ಮೇಲೆ ಈ ಸುಖ ಹೋಯಿತು. ಒಳಮೈ ಎಂದರೆ ಒಂದು ಬಿಗಿಯಾದ ಅಂಗಿ, ಒಂದು ಟೊಪ್ಪಿಗೆ, ಅಷ್ಟೆ. ನೀವು ಕೈ ಎತ್ತಬೇಕು ಎಂದುಕೊಂಡದ್ದನ್ನು ಟೊಪ್ಪಿಗೆ ಓದುತ್ತದೆ, ನಿಮ್ಮ ಸ್ವಂತ ನರ-ಸ್ನಾಯು ಅದಕ್ಕೆ ಹೂಂ ಅಂದಿತೇ ಎಂದು ಅಂಗಿ ತಾಳೆ ನೋಡುತ್ತದೆ. ರಕ್ಕಸನ ಕೈ ಎಷ್ಟು ಭಾರ, ಅದನ್ನು ಎಳೆಯುವ ಸ್ನಾಯು ಯಾವುದು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕೈ ಎದ್ದಾಗ ಹೇಗನಿಸಬೇಕೋ ಹಾಗೆ ಅಂಗಿ ನಿಮ್ಮ ನರಗಳಿಗೆ ಮುಟ್ಟಿಸುತ್ತದೆ. ಆಡುವವನು ರಕ್ಕಸನನ್ನು ನೋಡುವುದಿಲ್ಲ, ರಕ್ಕಸನೊಳಗೆ ಇರುತ್ತಾನೆ. ಮೊದಲ ಆರು ತಿಂಗಳಲ್ಲೇ ಬೆಂಕಿಹಾವಾಗಿ ಹಾರಿ ಬಂದವರು ಬೆನ್ನು ಹಿಡಿದುಕೊಂಡು ಆಸ್ಪತ್ರೆ ಸೇರಿದರು. ಹೊಟ್ಟೆಯಲ್ಲಿ ಬಾಯಿರುವ ರಕ್ಕಸನಾಗಿದ್ದ ದಾವಣಗೆರೆಯ ವಕೀಲನೊಬ್ಬ ಮೂರು ವಾರ ಅನ್ನ ನುಂಗಲು ಹೆದರಿದ. ಗದ್ದಲವಾಗಿ, ಸಮಿತಿಯಾಗಿ, ಕೊನೆಗೆ ಒಂದು ನಿಯಮ ಬಂತು: ಪ್ರತಿ ರಕ್ಕಸನ ಮೈಯನ್ನೂ ಪರೀಕ್ಷಿಸಿ ಬಲ್ಲವರು ಸಹಿ ಹಾಕಬೇಕು. ರಕ್ಕಸ ಮನುಷ್ಯನಲ್ಲವಾದ್ದರಿಂದ ಆ ಕೆಲಸ ಪಶುವೈದ್ಯರ ಪಾಲಿಗೆ ಬಂತು.

ಪಶುವೈದ್ಯಕೀಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಅಂಗರಚನೆ ಕಲಿಸಿ ನಿವೃತ್ತಳಾಗಿದ್ದ ಡಾ. ನೀಲಾಂಬಿಕಾ ಶಿರೂರ ಹುಬ್ಬಳ್ಳಿಯ ಶರಭ ಸ್ಟುಡಿಯೋದ ಮೈಪರೀಕ್ಷಕಿಯಾದದ್ದು ಹೀಗೆ. ಕಂಪನಿಗೆ ಎಂಟು ಕಾಲಿನ ಶರಭನ ಹೆಸರಿಟ್ಟವರಿಗೆ, ಅಷ್ಟು ಕಾಲುಗಳಿಗೆ ಹೆಗಲು ಎಲ್ಲಿಂದ ತರುವುದು ಎಂಬ ಚಿಂತೆ ಇದ್ದಂತಿರಲಿಲ್ಲ. ಮೊದಲ ದಿನ ಆಕೆ ಬಾಗಿಲ ಮೇಲಿನ ಶರಭನನ್ನು ದಿಟ್ಟಿಸಿ ನೋಡುತ್ತ ನಿಂತದ್ದಕ್ಕೆ ಮ್ಯಾನೇಜರು ಗಾಬರಿಯಾಗಿ, "ಅದು ಬರೇ ಬೋರ್ಡ್ ರೀ ಮೇಡಂ, ಅದರೊಳಗ ಯಾರೂ ಹೋಗಂಗಿಲ್ಲ" ಎಂದಿದ್ದರು.

ಆಕೆಯ ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಿರಲಿಲ್ಲ. ಕಸಬರಿಗೆ ಕಡ್ಡಿ, ರಬ್ಬರ್ ಬ್ಯಾಂಡು, ಒಂದು ಮುದ್ದೆ ನಾದಿದ ಗೋಧಿಹಿಟ್ಟು. ಕಡ್ಡಿ ಎಲುಬು, ರಬ್ಬರ್ ಸ್ನಾಯು, ಹಿಟ್ಟು ಮಾಂಸ. ರಕ್ಕಸನನ್ನು ಬರೆದವನೇ ಬಂದು ಆಕೆಯ ಮೇಜಿನ ಮೇಲೆ ಅವನನ್ನು ಕಟ್ಟಿ ನಿಲ್ಲಿಸಬೇಕು. ನಿಂತರೆ ಮುಂದಿನ ಮಾತು. ಕಾಲೇಜಿನಲ್ಲಿ ಹುಡುಗರಿಗೂ ಇದೇ ಪರೀಕ್ಷೆ ಇತ್ತು. ಈಗ ಎಮ್ಮೆಯ ಬದಲು ರಕ್ಕಸರು, ಅಷ್ಟೇ ವ್ಯತ್ಯಾಸ.

ರಕ್ಕಸರನ್ನು ಬರೆಯುವವನು ಇಮ್ತಿಯಾಜ್ ಹುಲಕೋಟಿ. ಮೂವತ್ತರ ಆಸುಪಾಸು, ಒಳ್ಳೆಯ ಕೈ, ಮುಗಿಯದ ಕಲ್ಪನೆ. ಹೊಟ್ಟೆ ಕರುಳುಗಳ ವಿಷಯ ಮಾತ್ರ ಅವನಿಗೆ ಹೊಳೆಯುತ್ತಲೇ ಇರಲಿಲ್ಲ.

"ಇದು ತಿಂದದ್ದು ಎಲ್ಲೆ ಹೋಗ್ತೈತಿ?" ನೀಲಾಂಬಿಕೆಯ ಮೊದಲ ಪ್ರಶ್ನೆ ಯಾವತ್ತೂ ಇದೇ.

"ಒಳಗ ಹೋಗ್ತೈತ್ರಿ."

"ಒಳಗ ಎಲ್ಲೆ? ಎದಿ ಮುಗೀತಿದ್ದಂಗ ಸೀದಾ ಬಾಲ ಬರದೀಯಲ್ಲಪ್ಪ. ಸಗಣಿ ಎಲ್ಲಿಂದ ಹಾಕ್ಬೇಕು?"

"ರಕ್ಕಸರು ಸಗಣಿ ಹಾಕೂದನ್ನ ಯಾರ ನೋಡ್ತಾರ್ರಿ ಮೇಡಂ?"

"ನೋಡಂಗಿಲ್ಲ. ಅದರೊಳಗ ಇರ್ತಾರ. ಅವರಿಗೆ ತ್ರಾಸ ಆಗ್ತೈತಿ."

ಇಮ್ತಿಯಾಜ್ ಮುಖ ಸಣ್ಣದು ಮಾಡಿಕೊಂಡು ಹೋಗಿ ಹೊಟ್ಟೆ ಬರೆದುಕೊಂಡು ಬರುತ್ತಿದ್ದ. ಹೀಗೆ ಒಂದೂವರೆ ವರ್ಷದಲ್ಲಿ ನಲವತ್ತು ರಕ್ಕಸರು ಆಕೆಯ ಮೇಜಿಗೆ ಬಂದರು. ಅವರಲ್ಲಿ ಹನ್ನೊಂದು ಜನ ಅಲ್ಲಿಯೇ ಕುಸಿದು ಬಿದ್ದು ಮತ್ತೆ ಹಿಟ್ಟಾದರು.

ನಲವತ್ತೊಂದನೆಯವನು ಗೂಳಪ್ಪ. ಸ್ಟುಡಿಯೋದವರೇ ಪ್ರೀತಿಯಿಂದ ಇಟ್ಟ ಹೆಸರು. ಗೂಳಿಯ ತಲೆ, ಮನುಷ್ಯನ ಮೈ, ಗರಡಿ ಪೈಲ್ವಾನನ ಸೊಂಟ, ಮಂಡಿಯವರೆಗೆ ಕೆಂಪು ಚಲ್ಲಣ. ಕೈಗಳು ಮಾತ್ರ ನಾಲ್ಕು. ಮೇಲಿನ ಜೋಡಿ ಹೆಗಲಿನಿಂದ, ಕೆಳಗಿನ ಜೋಡಿ ಪಕ್ಕೆಲುಬಿನಿಂದ. ನೀಲಾಂಬಿಕೆ ಕಡ್ಡಿ ಚುಚ್ಚಿ ನೋಡಿದಳು. ಕೆಳಗಿನ ಕೈಗೆ ಕೀಲು ಕೂರಿಸಲು ಜಾಗವೇ ಇರಲಿಲ್ಲ. ಪಕ್ಕೆಲುಬು ಉಸಿರಿನ ಜೊತೆ ಏರಿಳಿಯುವ ಎಲುಬು. ಅದಕ್ಕೆ ಹೆಗಲನ್ನು ಬಿಗಿದರೆ ಉಸಿರಿಗೊಮ್ಮೆ ಕೈ ಅಲ್ಲಾಡುತ್ತದೆ, ಕೈ ಎತ್ತಿದರೆ ಉಸಿರು ಕಟ್ಟುತ್ತದೆ.

"ಮತ್ತ ಪರದೆ ಮ್ಯಾಲ ಈ ಕೈ ಹೆಂಗ ಏಳಾಕತ್ತೈತಿ?" ಎಂದು ಕೇಳಿದಳು.

ಇಮ್ತಿಯಾಜ್ ಹೇಳಿದ: "ತೇಪೆ ಹಾಕೇವ್ರಿ."

ಯಂತ್ರಕ್ಕೆ ಲೆಕ್ಕ ಸಿಗದ ಕಡೆ ಹಾಕುವ ಸುಳ್ಳಿಗೆ ಸ್ಟುಡಿಯೋದಲ್ಲಿ ತೇಪೆ ಎನ್ನುತ್ತಿದ್ದರು. ಸ್ನಾಯು ಇಲ್ಲದಿದ್ದರೂ ಸರಿ, ಆಡುವವನು ಕೈ ಎತ್ತಬೇಕು ಎಂದುಕೊಂಡರೆ ಸಾಕು, 'ಎತ್ತಿದೆ' ಎಂದು ಅಂಗಿ ಹೇಳಿಬಿಡುತ್ತದೆ. ಭಾರವಿಲ್ಲ, ಎಳೆತವಿಲ್ಲ, ಆಯಾಸವಿಲ್ಲ. ತೇಪೆ ಇರುವ ರಕ್ಕಸನಿಗೆ ಸಹಿ ಹಾಕಬಾರದು ಎಂದು ನಿಯಮದಲ್ಲಿ ಸ್ಪಷ್ಟವಾಗಿತ್ತು. ನೀಲಾಂಬಿಕೆ ಗೂಳಪ್ಪನ ಕಡತದ ಮೇಲೆ ಕೆಂಪು ಪೆನ್ನಿನಿಂದ 'ಇಲ್ಲ' ಎಂದು ಬರೆದು ಮುಗಿಸಬೇಕಾಗಿತ್ತು. ಬರೆಯಲಿಲ್ಲ. ಕಡತವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಊಟದ ಡಬ್ಬಿ ಇಟ್ಟಳು.

ಸ್ನಾಯು ಇಲ್ಲದೆಯೂ ಏಳುವ ಕೈ ಎಂದ ಕೂಡಲೆ ಆಕೆಗೆ ಮನೆಯ ನೆನಪಾಗಿತ್ತು. ಆಕೆಯ ಗಂಡ ಫಕೀರಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸಾವಿರ ಹುಡುಗರ ಎದುರು ನಿಂತು ಎರಡೂ ಕೈ ಮೇಲೆತ್ತಿದರೆ ಮೈದಾನವೇ ಎರಡು ಸಾವಿರ ಕೈ ಎತ್ತುತ್ತಿತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದು, ಮಾತೂ ಹೋಗಿತ್ತು. ಎಡಗಾಲು ತಿಂಗಳೊಪ್ಪತ್ತಿನಲ್ಲಿ ಬಂತು, ಮಾತು ಎಂಟು ದಿನದಲ್ಲಿ ಬಂತು, ಕೈ ಬರಲಿಲ್ಲ. ಫಿಸಿಯೋಥೆರಪಿಯವನು ಬಂದು ಆರು ತಿಂಗಳು ತಿರುವಿ ಹೋದ. ಆಮೇಲೆ ಫಕೀರಪ್ಪ ಆ ಕೈಯನ್ನು ಮನೆಗೆ ಬಂದು ಕೂತ ಬೇಡದ ನೆಂಟನ ಹಾಗೆ ನೋಡತೊಡಗಿದ. ಊಟಕ್ಕೆ ಕೂಡುವಾಗ ಬಲಗೈಯಿಂದ ಅದನ್ನು ಎತ್ತಿ ತೊಡೆಯ ಮೇಲಿಡುತ್ತಿದ್ದ.

ಮನೆಯಲ್ಲಿ ಇನ್ನೂ ಒಂದು ಸಣ್ಣ ಬದಲಾವಣೆಯಾಗಿತ್ತು, ಅದನ್ನು ಇಬ್ಬರೂ ಮಾತಾಡಿರಲಿಲ್ಲ. ಮದುವೆಯಾದಂದಿನಿಂದ ಬೆಳಿಗ್ಗೆ ನೀಲಾಂಬಿಕೆ ನೆಲಕ್ಕೆ ಕೂತು ಜೋಳದ ಹಿಟ್ಟು ನಾದುವಾಗ ಫಕೀರಪ್ಪ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದ. ನುಣುಪು ಫರ್ಸಿಕಲ್ಲಿನ ನೆಲದ ಮೇಲೆ ಪರಾತದ ಅಗಲ ತಟ್ಟೆ ಜಾರದಂತೆ ಅದರ ಅಂಚನ್ನು ಎಡಗೈಯಿಂದ ಒತ್ತಿ ಹಿಡಿಯುತ್ತಿದ್ದ. ಹಿಡಿ ಎಂದು ಆಕೆ ಹೇಳಿದ್ದಿಲ್ಲ, ಹಿಡಿದೆ ಎಂದು ಅವನಿಗೆ ಗೊತ್ತಿದ್ದಿಲ್ಲ. ಈಗ ಆಕೆ ಪರಾತದ ಕೆಳಗೆ ಒದ್ದೆ ಬಟ್ಟೆ ಹಾಕಿಕೊಳ್ಳುತ್ತಿದ್ದಳು.

ಅದೇ ವಾರ, ಸಹಿಗೆ ಮೊದಲಿನ ಪ್ರಯೋಗಕ್ಕೆ ಗೂಳಪ್ಪನನ್ನು ವಯಸ್ಸಾದವರ ಮೈ ಮೇಲೂ ಹಾಕಿ ನೋಡಬೇಕಾಗಿ ಬಂದಾಗ, ಮನೆಯಲ್ಲಿ ಕೂತು ಬೇಸತ್ತಿದ್ದ ಫಕೀರಪ್ಪ ತಾನಾಗಿಯೇ ಸ್ಟುಡಿಯೋಕ್ಕೆ ಬಂದ. ಇಮ್ತಿಯಾಜ್ ಟೊಪ್ಪಿಗೆ ಹಾಕಿದ. ಗಾಜಿನ ಈಚೆ ನೀಲಾಂಬಿಕೆ ನಿಂತಿದ್ದಳು. ಪರದೆಯ ಮೇಲೆ ಗೂಳಪ್ಪ ಮೇಲಿನ ಬಲಗೈ ಎತ್ತಿದ. ಮೇಲಿನ ಎಡಗೈ ಜೋತುಬಿದ್ದೇ ಇತ್ತು. ಅದು ಫಕೀರಪ್ಪನ ಸ್ವಂತ ಕೈಯ ನರವನ್ನೇ ನೆಚ್ಚಿಕೊಂಡಿತ್ತು, ಅಲ್ಲಿಂದ ಉತ್ತರ ಬರಲಿಲ್ಲ. ಆಮೇಲೆ ಕೆಳಗಿನ ಎಡಗೈ ಎದ್ದಿತು. ಎದ್ದು ಎದ್ದು ತಲೆಯ ಮೇಲಕ್ಕೆ ಹೋಗಿ ನೆಟ್ಟಗೆ ನಿಂತಿತು.

ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಫಕೀರಪ್ಪ ಗಟ್ಟಿಯಾಗಿ, "ಏಕ್!" ಎಂದ. ಗೂಳಪ್ಪನ ಕೈ ಕೆಳಗಿಳಿಯಿತು. "ದೋ!" ಕೈ ಮತ್ತೆ ಎದ್ದಿತು. ಹದಿನೈದು ನಿಮಿಷ ಅವನು ಡ್ರಿಲ್ ಮಾಡಿಸಿದ. ಹೊರಗೆ ಬಂದಾಗ ಅವನ ಕೆನ್ನೆಯ ಮೇಲೆ ನೀರಿತ್ತು. "ಬಂತಲ್ಲೇ ನೀಲಾ, ಕೈ ಬಂತು" ಎಂದ.

ನಿಜ ಹೇಳುವ ಜಾಗ ಅದಾಗಿತ್ತು. ಅದು ನಿಮ್ಮ ಕೈಯಲ್ಲ, ತೇಪೆ ಎಂದು ಆಕೆ ಹೇಳಬಹುದಿತ್ತು. ಹೇಳಲಿಲ್ಲ. ಮೂರು ವಾರ ಕಡತ ಡಬ್ಬಿಯ ಕೆಳಗೇ ಇತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಅಂಕ ಹೆಚ್ಚು ಕೊಡದವಳು, ಫೇಲಾದವನು ಮಂತ್ರಿಯ ಮಗನಾದರೂ ಫೇಲೇ ಎಂದವಳು, ದಿನವೂ ಡಬ್ಬಿ ಬಿಚ್ಚಿ, ಉಂಡು, ಮತ್ತೆ ಅಲ್ಲೇ ಇಡುತ್ತಿದ್ದಳು. ಫಕೀರಪ್ಪ ವಾರಕ್ಕೆ ಮೂರು ಸಲ ಗೂಳಪ್ಪನೊಳಗೆ ಹೋಗಿ ಬಂದು, ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಆಕೆಗೆ ಸಂತೋಷವಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಆಕೆ ಹಿತ್ತಲಿನಲ್ಲಿದ್ದಳು. ಫಕೀರಪ್ಪ ಎದ್ದು ಹೋಗಿ, ಎರಡೂ ಕೈಯಿಂದ ಪಾತ್ರೆ ಎತ್ತಿದ. ಅಂದರೆ ಎತ್ತಿದೆ ಎಂದುಕೊಂಡ. ಎಡಗೈ ಬಂದಿದೆ, ಅಂಚು ಹಿಡಿದಿದೆ ಎಂದು ಅವನ ಮಿದುಳು ಪ್ರಮಾಣ ಮಾಡಿ ಹೇಳಿತು. ಕೈ ಮಾತ್ರ ತೊಡೆಯ ಪಕ್ಕ ಜೋತಾಡುತ್ತಲೇ ಇತ್ತು. ಪಾತ್ರೆ ವಾಲಿ ಕುದಿಯುವ ಹಾಲು ಪಾದದ ಮೇಲೆ ಬಿತ್ತು.

ಸುಟ್ಟ ಪಾದಕ್ಕೆ ಔಷಧಿ ಹಚ್ಚಿ, ಬಟ್ಟೆ ಸುತ್ತಿ, ನೀಲಾಂಬಿಕೆ ಸ್ಟುಡಿಯೋಕ್ಕೆ ಹೋದಳು. ಡಬ್ಬಿ ಎತ್ತಿ ಪಕ್ಕಕ್ಕಿಟ್ಟು, ಕಡತದ ಮೇಲೆ ಕೆಂಪು ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಕೆಳಗೆ ಸಹಿ, ತಾರೀಖು. ತಾರೀಖು ಬರೆಯುವಾಗ ಮೂರು ವಾರದ ಹಿಂದಿನದನ್ನು ಬರೆಯಬೇಕೆನಿಸಿತು. ಅಂದಿನದನ್ನೇ ಬರೆದಳು.

ಸಂಜೆ ವಿಷಯ ತಿಳಿದ ಫಕೀರಪ್ಪ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅಂದ: "ಡಾಕ್ಟ್ರು ಕೈ ಬಿಟ್ರು, ನಾ ಏನೂ ಅನ್ನಲಿಲ್ಲ. ಬಂದ ಕೈ ನೀ ಕಡದಿ."

"ಅದು ಬಂದಿರಲಿಲ್ರಿ. ಬಂದೈತಿ ಅಂತ ಯಂತ್ರ ಹೇಳಾಕತ್ತಿತ್ತು."

"ನನಗ ಅನಸ್ತಿತ್ತಲ್ಲ. ಅಷ್ಟ ಸಾಕಾಗಿತ್ತು."

"ನಿಮ್ಮ ಕಾಲು ನೋಡ್ಕೋರಿ" ಎಂದಳು ಆಕೆ, ಬೇಕಿದ್ದಕ್ಕಿಂತ ಗಟ್ಟಿಯಾಗಿ.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಫಕೀರಪ್ಪನೇ ಮೌನ ಮುರಿದ, ಅದೂ ಜಗಳ ಮುಂದುವರಿಸಲಿಕ್ಕೆ. "ನಿನಗೇನ ಗೊತ್ತು ಅದರೊಳಗಿಂದು? ಮ್ಯಾಲಿನ ಕೈ ಗೂಟಕ್ಕ ಬಡದಂಗ ಇರ್ತಾವ. ಕೆಳಗಿನವು ಹಂಗಲ್ಲ. ತೊಟ್ಟಿಲದಂಗ ಜೋತಾಡ್ತಾವ. ಎಲ್ಲೂ ಅಂಟೇ ಇಲ್ಲ ಅನಸ್ತೈತಿ."

"ಅಂಟಿಲ್ಲದ ಹೆಗಲು ಎಲ್ಲಿ ಇರ್ತೈತ್ರಿ?" ಎಂದು ಆಕೆ ಸಿಡುಕಿ, ಡಬ್ಬಿ ತೆಗೆದುಕೊಂಡು ಹೊರಟಳು.

ಗೋಕುಲ ರೋಡಿನಲ್ಲಿ ಸ್ಟುಡಿಯೋದ ಗೇಟಿಗೆ ಅಡ್ಡವಾಗಿ ಒಂದು ಬೀದಿ ಹೋರಿ ಮಲಗಿತ್ತು. ದಿನವೂ ಅಲ್ಲೇ ಮಲಗುವುದು, ಕಾವಲುಗಾರ ದಿನವೂ ಅದನ್ನು ಎಬ್ಬಿಸುವುದು. ಅಂದೂ ಎಬ್ಬಿಸಿದ. ಹೋರಿ ಹಿಂಗಾಲ ಮೇಲೆ ಸೊಂಟ ಎತ್ತಿ, ಮುಂಗಾಲು ಮಡಿಸಿ ಮೊಣಕಾಲೂರಿ ಒಂದು ಕ್ಷಣ ನಿಂತಿತು. ಅದರ ಇಡೀ ಎದೆ ಎರಡು ಮುಂಗಾಲುಗಳ ನಡುವೆ ತೂಗಿತು, ತೊಟ್ಟಿಲಿನ ಹಾಗೆ.

ನೀಲಾಂಬಿಕೆ ಡಬ್ಬಿಯನ್ನು ಕಾವಲುಗಾರನ ಕೈಗೆ ಕೊಟ್ಟು, ಹೋರಿಯ ಪಕ್ಕಕ್ಕೆ ಹೋಗಿ, ಅದರ ಹೆಗಲೆಲುಬಿಗೂ ಪಕ್ಕೆಗೂ ನಡುವೆ ಬೆರಳುಗಳನ್ನು ಒಳಗೆ ತೂರಿಸಿದಳು. ಬೆರಳು ಸಲೀಸಾಗಿ ಹೋದವು. ಅಲ್ಲಿ ಕೀಲಿಲ್ಲ, ಮನುಷ್ಯರ ಹಾಗೆ ಹೆಗಲಿಗೆ ಬಿಗಿದ ಕೊರಳೆಲುಬಿಲ್ಲ, ಎಲುಬಿಗೆ ಎಲುಬು ತಾಗುವುದೇ ಇಲ್ಲ. ಬೀಸಣಿಗೆಯಂತೆ ಹರಡಿದ ಸ್ನಾಯುವೊಂದೇ ಅಷ್ಟೂ ಭಾರ ಹೊತ್ತಿರುತ್ತದೆ. ಮೊದಲ ವರ್ಷದ ಮೊದಲ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯೂ ದನದ ಹೆಗಲೊಳಗೆ ಹೀಗೆ ಬೆರಳು ಹಾಕಿ ನೋಡಬೇಕು. ಹಾಕದವನನ್ನು ಆಕೆ ಮುಂದಿನ ತರಗತಿಗೆ ಬಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಹಾಕಿಸಿದ್ದಳು. ಗೂಳಿಯ ತಲೆ ಹೊತ್ತು ಬಂದ ಗೂಳಪ್ಪನನ್ನು ಮಾತ್ರ, ಎರಡು ಕಾಲ ಮೇಲೆ ನಿಂತು ಚಲ್ಲಣ ಹಾಕಿಕೊಂಡಿದ್ದಾನೆ ಎಂಬ ಒಂದೇ ಕಾರಣಕ್ಕೆ, ಮನುಷ್ಯರ ಡಾಕ್ಟರ ಕಣ್ಣಿನಿಂದ ನೋಡಿದ್ದಳು.

"ಮೇಡಂ, ಹಾಯ್ತೈತ್ರಿ ಅದು!" ಬೈಕ್ ನಿಲ್ಲಿಸಿ ಓಡಿಬಂದ ಇಮ್ತಿಯಾಜ್ ಕೂಗಿದ.

"ನಾ ಎಂಥಾ ದಡ್ಡಿ ನೋಡು ಇಮ್ತಿಯಾಜ್" ಎಂದಳು ಆಕೆ, ಕೈ ತೆಗೆಯದೆ. "ಆ ಕೆಳಗಿನವು ಕೈ ಅಲ್ಲ. ಮುಂಗಾಲು. ನಡಿ ಒಳಗ, ಕಸಬರಿಗೆ ತಗೊಂಬಾ."

ಹತ್ತು ದಿನ ಗೂಳಪ್ಪ ಆಕೆಯ ಮೇಜಿನ ಮೇಲೆ ಎದ್ದು ಬಿದ್ದು ಎದ್ದ. ಕೆಳಗಿನ ಕೈಗಳ ಕೀಲು ಹೋಯಿತು. ಅವು ಎದೆಯ ಎರಡು ಬದಿಗೆ ರಬ್ಬರಿನ ಬೀಸಣಿಗೆಯಲ್ಲಿ ತೂಗಿದವು. ಗೂಳಿಯ ಬಾಯಿಂದ ಮೇವು ತಿನ್ನುವವನಿಗೆ ಪೈಲ್ವಾನನ ಸೊಂಟ ಸಾಲದು ಎಂದು ಹೊಟ್ಟೆ ಡೋಲಿನಷ್ಟು ಊದಿತು. ಬೆನ್ನು ಮುಂದಕ್ಕೆ ಬಾಗಿತು. ಕೊನೆಗೆ ತೇಪೆ ಇಲ್ಲದೆ, ಯಾರೂ ಹಿಡಿಯದೆ ನಿಂತ.

ಇಮ್ತಿಯಾಜ್ ಅವನನ್ನು ಸುತ್ತುಹಾಕಿ ನೋಡಿದ. "ರಕ್ಕಸ ಹೋಗಿ ಗಿರಣಿ ಮಾಲಕ ಆದ್ನಲ್ರೀ ಮೇಡಂ. ಇವನ ನೋಡಿ ಯಾರ ಹೆದರ್ತಾರ?"

"ಮೈಮ್ಯಾಲ ಬಿದ್ರ ಹೆದರ್ತಾರ. ಹನ್ನೆರಡು ಕ್ವಿಂಟಲ್ ಅದಾನ."

ಇಂಥ ಕೈಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಊರಬಹುದು, ನೂಕಬಹುದು, ಭಾರ ಹೊರಬಹುದು. ತಲೆಯ ಮೇಲಕ್ಕೆ ಎತ್ತಲಾಗದು. ಯಾವ ದನವೂ ಮುಂಗಾಲನ್ನು ಆಕಾಶಕ್ಕೆ ಚಾಚುವುದಿಲ್ಲ. ಇನ್ನೊಂದು ವಿಷಯವೂ ಇತ್ತು. ತೇಪೆ ಹೋದ ಮೇಲೆ ಕೆಳಗಿನ ಕೈಗಳು ಆಡುವವನ ಸ್ವಂತ ಸ್ನಾಯುವಿನಿಂದಲೇ ಉತ್ತರ ಕೇಳುತ್ತಿದ್ದವು: ಹೆಗಲೆಲುಬನ್ನು ಪಕ್ಕೆಗೆ ಹಿಡಿದಿಡುವ ಸ್ನಾಯುವಿನಿಂದ. ಫಕೀರಪ್ಪನ ಎಡಗಡೆಯ ಆ ಸ್ನಾಯುವಿನಲ್ಲಿ ಎಳ್ಳಷ್ಟು ಜೀವ ಉಳಿದಿದೆ ಎಂದು ಅಂಗಿಯ ಮೀಟರು ತೋರಿಸಿತ್ತು. ಎಳ್ಳಷ್ಟು ಸಾಕೋ ಇಲ್ಲವೋ ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಂಡನಿಗೆ ಹೇಳಿ ಆಸೆ ಹುಟ್ಟಿಸಲು ಮನಸ್ಸಾಗಲಿಲ್ಲ. ಕಡತದ ಮೇಲೆ ಸಹಿ ಹಾಕಿದಳು.

ಫಕೀರಪ್ಪ ಹೊಸ ಗೂಳಪ್ಪನೊಳಗೆ ಹೋಗಿ ಬಂದ. ಟೊಪ್ಪಿಗೆ ತೆಗೆದಾಗ ಮುಖ ಬಾಡಿತ್ತು, ಬೆನ್ನು ಬೆವೆತಿತ್ತು.

"ಏಳಂಗಿಲ್ಲ" ಎಂದ.

"ಏಳಂಗಿಲ್ರಿ. ಊರಾಕ ಬರ್ತೈತಿ."

"ಊರಿ ಏನ್ಮಾಡ್ಲಿ? ಡ್ರಿಲ್‌ನಾಗ ಕೈ ಊರ್ತಾರೇನು?"

ಆದರೂ ಹೋಗುವುದನ್ನು ಬಿಡಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಅದು ವಾಸಿ. ಆಟದಲ್ಲಿ ಗೂಳಪ್ಪನಿಗೆ ಕೋಟೆಯ ಬಾಗಿಲು ನೂಕುವ ಕೆಲಸವಿತ್ತು. ಮೊದಲ ವಾರ ಕೆಳಗಿನ ಎಡಗೈ ಜಾರಿ ಗೂಳಪ್ಪ ಮುಖ ಕೆಳಗಾಗಿ ಬೀಳುತ್ತಿದ್ದ, ಫಕೀರಪ್ಪ ಇಮ್ತಿಯಾಜನನ್ನೂ ಹೆಂಡತಿಯನ್ನೂ ಸೇರಿಸಿ ಬೈಯುತ್ತಿದ್ದ. ಮೂರನೆಯ ವಾರ ಬಾಗಿಲು ಒಂದು ಗೇಣು ಸರಿಯಿತು. "ಹಳೇ ಕೈಯಾಗ ದಣಿವೇ ಇರಲಿಲ್ಲ. ಇದು ಭಾಳ ದುಡಸ್ತೈತಿ, ಬಗಲೆಲ್ಲ ನೋಯ್ತೈತಿ" ಎಂದು ದೂರಿದ. ನೀಲಾಂಬಿಕೆ ಬಗಲಿಗೆ ಎಣ್ಣೆ ಹಚ್ಚಿದಳು. ಎಡಗಡೆಯ ಬಗಲು ನೋಯುತ್ತಿದೆ ಎಂದು ಎರಡು ವರ್ಷದ ಮೇಲೆ ಅವನು ಹೇಳಿದ್ದು ಅದೇ ಮೊದಲು. ಆಕೆ ಅದನ್ನು ಗಮನಿಸಿದಳು, ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು.

ಗೂಳಪ್ಪ ಬಿಡುಗಡೆಯಾದ. ಹೊಟ್ಟೆಯ ರಕ್ಕಸ ಎಂದು ಜನ ಮೊದಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ಇಮ್ತಿಯಾಜ್ ಈಗ ಹೊಸ ರಕ್ಕಸನಿಗೆ ಮೊದಲು ಹೊಟ್ಟೆಯನ್ನೇ ಬರೆಯುತ್ತಿದ್ದ. ನೀಲಾಂಬಿಕೆಯ ಮೇಜಿನ ಮೇಲೆ ಎರಡು ತಲೆಯ ಹಕ್ಕಿಯೊಂದು ಬಂದು ಕೂತಿತ್ತು. ಒಂದು ತಲೆಗೆ ಹಸಿವಾದರೆ ಇನ್ನೊಂದಕ್ಕೆ ಹೇಗೆ ತಿಳಿಯಬೇಕು ಎಂಬ ಚರ್ಚೆ ನಡೆದಿತ್ತು.

ಮತ್ತೆರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಎಂದಿನಂತೆ ಆಕೆ ನೆಲಕ್ಕೆ ಕೂತು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದಳು. ತಲೆಯಲ್ಲಿ ಎರಡು ತಲೆಯ ಹಕ್ಕಿ ತುಂಬಿಕೊಂಡಿದ್ದರಿಂದ ಪರಾತದ ಕೆಳಗೆ ಒದ್ದೆ ಬಟ್ಟೆ ಹಾಕುವುದನ್ನು ಮರೆತಿದ್ದಳು. ನಾದಲು ಮೈಭಾರ ಹಾಕಿದೊಡನೆ ಪರಾತ ಫರ್ಸಿಯ ಮೇಲೆ ಸರ್ರನೆ ಜಾರಿತು. ಜಾರಿದ್ದು ಅಲ್ಲಿಗೇ ನಿಂತಿತು.

ಅದರ ಅಂಚಿನ ಮೇಲೆ ಒಂದು ಅಂಗೈ ಇತ್ತು. ಬೆರಳುಗಳು ಮುದುಡಿದ್ದವು, ಮಣಿಕಟ್ಟು ಸೊಟ್ಟಗಿತ್ತು. ಆದರೆ ತೋಳು ಹೆಗಲಿನಿಂದ ನೆಟ್ಟಗೆ ಇಳಿದು ಭಾರ ಹಾಕಿ ಊರಿತ್ತು. ಫಕೀರಪ್ಪ ಬಲಗೈಯಲ್ಲಿ ಪೇಪರ್ ಹಿಡಿದು ಯಾವುದೋ ಕಬಡ್ಡಿ ಪಂದ್ಯದ ಸುದ್ದಿ ಓದುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ.

ನೀಲಾಂಬಿಕೆ ಉಸಿರು ಬಿಗಿಹಿಡಿದಳು. ಮಾತಾಡಿದರೆ ಕೈ ಜಾರಿಬಿಡಬಹುದು ಎಂದು ಭಯವಾಯಿತು. ಹಿಟ್ಟು ನಾದಿದಳು. ನಾದಿ ಹದಕ್ಕೆ ಬಂದ ಮೇಲೆ ಇನ್ನೊಂದು ಹಿಡಿ ಹಿಟ್ಟು ಹಾಕಿದಳು, ನೀರು ಹಾಕಿದಳು, ಮತ್ತೆ ನಾದಿದಳು. ಇನ್ನೂ ಒಂದು ಹಿಡಿ ಹಾಕಿದಳು. ಕಣ್ಣಿಂದ ನೀರು ಇಳಿದು ಹಿಟ್ಟಿನೊಳಗೆ ಬಿದ್ದದ್ದನ್ನೂ ಸೇರಿಸಿ ನಾದಿದಳು.

ಬಹಳ ಹೊತ್ತಿನ ಮೇಲೆ ಫಕೀರಪ್ಪ ಪೇಪರಿನಿಂದ ಕಣ್ಣೆತ್ತಿ, ಪರಾತದಲ್ಲಿ ಗುಡ್ಡೆಯಾಗಿ ಬೆಳೆದ ಹಿಟ್ಟು ನೋಡಿದ.

"ಇಷ್ಟ ಯಾಕ ನಾದಾಕತ್ತಿ? ಯಾರ ಬರಾವ್ರಿದ್ದಾರ?"

"ಯಾರೂ ಇಲ್ರಿ" ಎಂದಳು ನೀಲಾಂಬಿಕೆ. "ಪರಾತ ಬಿಡಬ್ಯಾಡ್ರಿ."

ಫಕೀರಪ್ಪ ತಾನು ಹಿಡಿದಿದ್ದ ಪರಾತದ ಕಡೆ ನೋಡಿದ. ಆಮೇಲೆ, ಯಾವ ಕೈಯಿಂದ ಹಿಡಿದಿದ್ದೇನೆ ಎಂದು ನೋಡಿದ.